ಬಂದಳಿಕೆಗೆ ನೀರೆರೆದವನು

32 ವರ್ಷ ಬ್ಯಾಂಕಿನಲ್ಲಿ ಕಂಡವರ ಸಾಲ ಎಣಿಸಿ, ನಿವೃತ್ತನಾಗಿ ಸಾಗರದ ಕಡೆಯ ಹಳ್ಳಿಮನೆಗೆ ಮರಳಿದ ನನಗೆ ಹಿತ್ತಲಿನ ಅಪ್ಪೆಮಾವಿನ ಮರ ಸೊರಗಿದಂತೆ ಕಂಡಿತು. ಅಜ್ಜ ನೆಟ್ಟ ಜೀರಿಗೆ ಮಿಡಿಯ ಮರ. ಎಲೆ ಹಿಸುಕಿದರೆ ಸಾಕು, ಜೀರಿಗೆ ಘಮ. ಪಾಪ, ನೋಡಿಕೊಳ್ಳುವವರಿಲ್ಲ ಎಂದುಕೊಂಡೆ. ನಾನಿಲ್ಲದ 32 ವರ್ಷವೂ ಅದು ಮಿಡಿ ಬಿಡುತ್ತಲೇ ಇತ್ತೆಂಬುದು ಹೊಳೆಯಲಿಲ್ಲ.

ಮೊದಲ ದಿನವೇ ಕಾಂಡಕ್ಕೆ ಒತ್ತಿ ನಾಲ್ಕು ಬುಟ್ಟಿ ಗೊಬ್ಬರ ಸುರಿದೆ. "ತಮಾ, ಮರ ಬುಡದಲ್ಲಿ ಉಣ್ತಿಲ್ಲೆ, ನೆರಳಿನ ಅಂಚಲ್ಲಿ ಉಣ್ತು" ಎಂದಳು ಅಮ್ಮ. ಗೊಬ್ಬರ ಉಂಡದ್ದು ಗೆದ್ದಲು.

ಆದರೂ ತಿಂಗಳೊಪ್ಪತ್ತಿನಲ್ಲಿ ನನ್ನ ಸೇವೆ ಫಲಿಸಿತು. ಬೋಳುಬೋಳಾಗಿದ್ದ ಟೊಂಗೆಯೊಂದರ ಮೇಲೆ ದಟ್ಟ ಹಸಿರು ಪೊದೆ! ಫೋಟೋ ತೆಗೆದು 'ಅಜ್ಜನ ಮರಕ್ಕೆ ಮರಳಿ ಹರೆಯ' ಎಂದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಭಾವ ಕೈಮುಗಿಯುವ ಚಿತ್ರ ಕಳಿಸಿದ. ದಿನಾ ಸಂಜೆ ಪೈಪು ಹಿಡಿದು ಆ ಟೊಂಗೆಗೇ ಸ್ನಾನ ಮಾಡಿಸಿದೆ. ಮಾವಿನ ಚಿಗುರು ಕೆಂಪಗಿರುತ್ತದಲ್ಲವೇ ಎಂದು ಹೆಂಡತಿ ಕೇಳಿದಾಗ, ಗೊಬ್ಬರದ ಗುಣ ಎಂದೆ. ಪೊದೆ ಕೊಳವೆಯಂಥ ಹೂವನ್ನೂ ಬಿಟ್ಟಿತು. ಹೊಸ ತಳಿಯೇ ಇರಬೇಕು! ಅದಕ್ಕೆ ನನ್ನ ಹೆಸರಿಟ್ಟರೆ ಹೇಗೆ ಎಂಬ ಯೋಚನೆಯೂ ಬಂದಿತ್ತು, ಸುಳ್ಳೇಕೆ ಹೇಳಲಿ.

ಅಡಿಕೆ ಕೊಯ್ಲಿಗೆ ಬಂದ ಕೊನೆಗೌಡನಿಗೆ ಹೆಮ್ಮೆಯಿಂದ ತೋರಿಸಿದೆ. ಅವನು ಸರಸರ ಹತ್ತಿ, ಒಂದೆಲೆ ಕಿತ್ತು ತಂದು ಕೈಗಿಟ್ಟ.

"ಹಿಸುಕಿ ಮೂಸಿ ಭಟ್ರೇ."

ಮೂಸಿದೆ. ಜೀರಿಗೆ ಇರಲಿ, ಕೊತ್ತಂಬರಿಯೂ ಇರಲಿಲ್ಲ.

"ಬಂದಳಿಕೆ ಇದು. ಹಕ್ಕಿ ಅಂಟುಬೀಜ ಒರೆಸಿ ಹೋಗಿದ್ದು. ಮರದ ರಸ ಹೀರ್ಕೊಂಡು ಬದುಕೋದು. ಕೂತಲ್ಲೇ ಊಟ."

ಅಮ್ಮ ನನ್ನ ಆರಾಮಕುರ್ಚಿಯತ್ತ ನೋಡಿದಳು. ಏನೂ ಹೇಳಲಿಲ್ಲ, ಪುಣ್ಯ.

ಬಂದಳಿಕೆಯ ಬುಡ ಕೊಂಬೆಯೊಳಗೆ ಇಳಿದಿರುತ್ತದಂತೆ, ಬರೀ ಅದನ್ನು ಕಿತ್ತರೆ ಮತ್ತೆ ಚಿಗುರುತ್ತದಂತೆ. ಹಾಗಾಗಿ ಒಂದು ಮೊಳ ಕೆಳಗಿನಿಂದ ಕೊಂಬೆಯನ್ನೇ ಕಡಿದ. ಕಡಿದ ಜಾಗಕ್ಕೆ ಬೋರ್ಡೋ ಮುಲಾಮು ಹಚ್ಚಬೇಕೆಂದ. ಅದು ನನ್ನ ಕೆಲಸ ಎಂದೆ. ಲೀಟರು ನೀರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಲೆಕ್ಕದಲ್ಲಿ ನಾನು ತಪ್ಪುವವನಲ್ಲ. ತಪ್ಪಿದ್ದು ಪಾತ್ರೆಯಲ್ಲಿ. ಮೈಲುತುತ್ತವನ್ನು ಕರಗಿಸಿದ್ದು ಅಮ್ಮನ ಕಬ್ಬಿಣದ ಬಾಣಲೆಯಲ್ಲಿ. ಸ್ವಲ್ಪ ಹೊತ್ತಿಗೆ ಬಾಣಲೆಯ ಒಳಮೈಯೆಲ್ಲ ಕೆಂಪು ತಾಮ್ರ! ಮುಲಾಮಿನ ತಾಮ್ರವನ್ನು ಕಬ್ಬಿಣ ಎಳೆದುಕೊಂಡಿತ್ತು. ಮರಕ್ಕೆ ಉಳಿದದ್ದು ಹೆಚ್ಚುಕಡಿಮೆ ಸುಣ್ಣದ ನೀರು. "ಚೊಲೋ ಆತು, ಕಲಾಯಿ ಖರ್ಚು ಉಳೀತು" ಎಂದು ಅಮ್ಮ ಬಾಣಲೆಯನ್ನು ಅಟ್ಟಕ್ಕೆ ಎಸೆದಳು. ಕೊನೆಗೌಡ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹೊಸದಾಗಿ ಕಲಸಿ ಹಚ್ಚಿಹೋದ.

ಇಷ್ಟಕ್ಕೇ ನಿಂತಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಬಂದಳಿಕೆಯ ಪಾಠ ಕಲಿತವನು ಸುಮ್ಮನಿರುತ್ತಾನೆಯೇ? ಒಂದು ಮಧ್ಯಾಹ್ನ ಏಣಿ ಹಾಕಿ, ಚಗಳಿ ಇರುವೆಗಳಿಂದ ಕಚ್ಚಿಸಿಕೊಂಡು, ಕಾಂಡಕ್ಕೆ ಕಚ್ಚಿಕೊಂಡಿದ್ದ ದಪ್ಪೆಲೆಯ ಗಿಡಗಳನ್ನೆಲ್ಲ ಕೆರೆದು ಬುಟ್ಟಿ ತುಂಬಿಸಿದೆ. ಹಿಸುಕಿಯೂ ನೋಡಿದ್ದೆ. ಜೀರಿಗೆ ವಾಸನೆ ಇರಲಿಲ್ಲ.

ಬುಟ್ಟಿ ನೋಡಿ ಅಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. ಅದು ಸೀತಾಳೆ. ಮಳೆಗಾಲದ ಬಾಗಿಲಲ್ಲಿ ಉದ್ದನೆ ದಂಡೆಯಾಗಿ ಹೂ ಬಿಡುವ, ಅವಳು ಮದುವೆಯಾಗಿ ಬಂದ ವರ್ಷದಿಂದ ಮುಡಿದುಕೊಂಡು ಬಂದ ಸೀತಾಳೆ. ಮರದ ಮೇಲೆ ಕೂರುತ್ತದೆ ಅಷ್ಟೇ. ಮರದಿಂದ ಒಂದು ತೊಟ್ಟು ರಸ ಕುಡಿಯುವುದಿಲ್ಲ.

ಕೊನೆಗೌಡನಿಗೆ ಮತ್ತೆ ಹೇಳಿಕಳಿಸಿದೆವು. ಅವನು ನಗು ನುಂಗಿಕೊಂಡು, ಬಾಳೆನಾರಿನಲ್ಲಿ ಒಂದೊಂದನ್ನೇ ಕಾಂಡಕ್ಕೆ ಕಟ್ಟಿದ.

ಮಿಡಿಯ ಕಾಲದಲ್ಲಿ ಅಮ್ಮ ಹಿಂದಿನ ಜಗಲಿಯಲ್ಲಿ ಕವಣೆ ಹಿಡಿದು ಮಂಗ ಕಾಯುವುದು ರೂಢಿ. ಈ ಸಲ ಮಿಡಿ ಕೊಯ್ದು ಭರಣಿಗೆ ಸೇರಿಸಿ ತಿಂಗಳಾಯಿತು. ಕವಣೆ ಇನ್ನೂ ಒಳಗೆ ಹೋಗಿಲ್ಲ.