ಮರಿವಿಕ್ರಯ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅಧಿಕಾರಿ ಯಾರು, ವಿಷಯ ಯಾವುದು, ಪ್ರಯೋಜನವೇನು ಎಂದು ಮೊದಲೇ ಹೇಳಿಬಿಡಬೇಕು. ಅಧಿಕಾರಿ: ಮಗಳ ಹುಟ್ಟುಹಬ್ಬಕ್ಕೋ ಹೊಸ ಫ್ಲಾಟಿನ ಗೃಹಪ್ರವೇಶಕ್ಕೋ ಒಂದು ಜಾತಿ ನಾಯಿ ತರಬೇಕೆಂದು ರಾತ್ರಿ ಹನ್ನೊಂದು ಗಂಟೆಗೆ ಮೊಬೈಲಿನಲ್ಲಿ ಮರಿಗಳ ಫೋಟೊ ಸರಿಸುತ್ತಾ ಕೂತಿರುವ ಗೃಹಸ್ಥ. ವಿಷಯ: ಆ ಮರಿ. ಪ್ರಯೋಜನ: ಫೋಟೊದಲ್ಲಿ ಎಲ್ಲೂ ಕಾಣದ ಅದರ ತಾಯಿಯ ದರ್ಶನ.

ನಾಯಿಯು ಮನುಷ್ಯನಿಗೆ ಒದಗುವ ಮಾರ್ಗಗಳು ನಾಲ್ಕು. ಅನುಗಮನ, ವರ, ದತ್ತು, ಕ್ರಯ.

ಅನುಗಮನವೆಂದರೆ ನಾಯಿ ತಾನಾಗಿ ಹಿಂದೆ ಬರುವುದು. ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಹಿಂದೆ ಬಂದದ್ದು ಈ ಬಗೆಯದು. ಅದನ್ನು ಬಿಟ್ಟು ರಥ ಹತ್ತು ಎಂದು ಇಂದ್ರ ಹೇಳಿದರೆ ಅವನು ಒಪ್ಪಲಿಲ್ಲ. ಆ ನಾಯಿಯ ತಳಿ ಯಾವುದೆಂದು ವ್ಯಾಸರು ಬರೆದಿಲ್ಲ. ಪೇಪರ್ ಇದೆಯೇ ಎಂದು ಇಂದ್ರನೂ ಕೇಳಲಿಲ್ಲ.

ವರಕ್ಕೆ ಪ್ರಮಾಣ ನಮ್ಮ ನಾಡಿನಲ್ಲೇ ಇದೆ. ಕ್ರಿ.ಶ. 950ರ ಸುಮಾರಿನ ಆತಕೂರು ಶಾಸನ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಗಂಗರ ಬೂತುಗ ಬೇಕಾದ್ದು ಕೇಳೆಂದ. ಊರು ಕೇಳಬಹುದಿತ್ತು, ಪದವಿ ಕೇಳಬಹುದಿತ್ತು. ಆ ಮನುಷ್ಯ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಅದು ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಹಂದಿಯನ್ನೂ ಕೊಂದು ತಾನೂ ಸತ್ತಿತು. ಒಡೆಯ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ, ಅಂದರೆ ಪೂಜಾರಿಗೆ, ಪಾಪ ತಟ್ಟುತ್ತದೆಂದು ಬರೆಸಿದ. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಹೆಸರು, ಹಿಂದಿನ ಒಡೆಯ, ಈಗಿನ ಒಡೆಯ, ಸಾವಿನ ಕಾರಣ, ಎಲ್ಲವೂ ಅದರ ಮೇಲಿವೆ. ಇಂದಿನ ಸರ್ಕಾರ ನಾಯಿ ಸಾಕಿ ಮಾರುವವರಿಂದ ಕೇಳುವ ದಾಖಲೆ ಪುಸ್ತಕಕ್ಕೂ ಇದಕ್ಕೂ ಮೈಕ್ರೋಚಿಪ್ ಒಂದನ್ನು ಬಿಟ್ಟರೆ ಹೆಚ್ಚು ವ್ಯತ್ಯಾಸವಿಲ್ಲ. ಸಾವಿರ ವರ್ಷದ ಹಿಂದಿನ ಆ ದಾಖಲೆ ಸಿಗುತ್ತದೆ, ಹೋದ ತಿಂಗಳಿನದು ಸಿಗುವುದಿಲ್ಲ, ಅಷ್ಟೆ.

ದತ್ತುವಿಗೆ ಆಮೇಲೆ ಬರೋಣ. ಈ ಗ್ರಂಥದ ಹೊಟ್ಟೆ ಇರುವುದು ಕ್ರಯದಲ್ಲಿ.

ಕ್ರಯಿಗಳಲ್ಲಿ, ಅಂದರೆ ಕೊಳ್ಳುವವರಲ್ಲಿ, ಅಗ್ರಸ್ಥಾನ ಚಿತ್ರಾನುರಾಗಿಗೆ ಸಲ್ಲುತ್ತದೆ. ಇವನ ಪ್ರೀತಿ ಪರದೆಯ ಮೇಲೆ ಹುಟ್ಟುತ್ತದೆ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಹಿಂದೆ ಒಂದು ಪಗ್ ಹೋದದ್ದೇ ತಡ, ದೇಶದ ಮನೆಮನೆಗೂ ಪಗ್ ಬೇಕಾಯಿತು. ಚಪ್ಪಟೆ ಮೂತಿಯ, ಬೇಸಿಗೆಯಲ್ಲಿ ಉಸಿರಿಗೆ ಒದ್ದಾಡುವ ಆ ತಳಿಯ ಗೊರಕೆಯನ್ನು ಮುದ್ದೆಂದು ಭಾವಿಸಿದ ಒಂದು ತಲೆಮಾರೇ ನಮ್ಮಲ್ಲಿ ಬೆಳೆದಿದೆ. 2022ರಲ್ಲಿ '777 ಚಾರ್ಲಿ' ಬಂತು. ಕಿರಣ್‌ರಾಜ್ ನಿರ್ದೇಶನ, ರಕ್ಷಿತ್ ಶೆಟ್ಟಿ ನಾಯಕ. ಮರಿ ಹುಟ್ಟಿಸಿ ಮಾರುವ ಕ್ರೂರಿಯ ಗೂಡಿನಿಂದ ತಪ್ಪಿಸಿಕೊಂಡ ನಾಯಿಯ ಕಥೆ. ಒಂದೇ ರಕ್ತದಲ್ಲಿ ಕೂಡಿಸಿ ಹುಟ್ಟಿಸಿದ್ದರಿಂದ ಅದಕ್ಕೆ ರೋಗ ಬಂತೆಂಬುದೇ ಕಥೆಯ ತಿರುಳು. ಆಗಿನ ಮುಖ್ಯಮಂತ್ರಿ ಚಿತ್ರಮಂದಿರದಲ್ಲಿ ಕಣ್ಣೊರೆಸಿಕೊಂಡರು, ಸರ್ಕಾರ ತೆರಿಗೆ ವಿನಾಯಿತಿ ಕೊಟ್ಟಿತು, ರಾಷ್ಟ್ರಪ್ರಶಸ್ತಿಯೂ ಬಂತು. ಚಿತ್ರಾನುರಾಗಿಯೂ ಅತ್ತ. ಅತ್ತು, ಕರವಸ್ತ್ರ ಮಡಚಿ ಜೇಬಿಗಿಟ್ಟು, ಹೊರಗೆ ಬಂದು ಕೇಳಿದ: 'ಇಂಥದೇ ಲ್ಯಾಬ್ರಡಾರ್ ಎಲ್ಲಿ ಸಿಗುತ್ತೆ?'

ಎರಡನೆಯವನು ಪ್ರತಿಷ್ಠಾಕ್ರಯಿ. ಹಿಮದಲ್ಲಿ ಗಾಡಿ ಎಳೆಯಲೆಂದೇ ರೂಪುಗೊಂಡ ಹಸ್ಕಿಯನ್ನು ಬಳ್ಳಾರಿಯ ಏಪ್ರಿಲ್‌ಗೆ ತಂದು, ಅದಕ್ಕೆ ಏಸಿ ಹಾಕಿಸಿ, ಕರೆಂಟ್ ಹೋದಾಗ ಸರ್ಕಾರವನ್ನು ಬೈಯುವವನು. ಮೂರನೆಯವನು ಲಾಕ್‌ಡೌನ್ ಪ್ರೇಮಿ: 2020ರಲ್ಲಿ ಒಂಟಿತನಕ್ಕೆ ಕೊಂಡು, ಕಚೇರಿ ಬಾಗಿಲು ತೆರೆದಾಗ ರಿಂಗ್ ರಸ್ತೆಯಲ್ಲಿ ಬಿಟ್ಟವನು. ಇವನ ಬಗ್ಗೆ ವ್ಯಾಖ್ಯಾನ ಬೇಡ. ನಾಲ್ಕನೆಯವನು ಕರುಣಾಕ್ರಯಿ. ಕೊಳಕು ಪಂಜರದಲ್ಲಿ ನಡುಗುವ ಮರಿ ನೋಡಿ ಕರುಳು ಕಿತ್ತುಬಂದು, ಉಳಿಸೋಣವೆಂದೇ ದುಡ್ಡು ಕೊಟ್ಟು ತರುವವನು. ಎಲ್ಲರಿಗಿಂತ ಒಳ್ಳೆಯವನು ಇವನೇ, ವ್ಯಾಪಾರಿಗೆ ಎಲ್ಲರಿಗಿಂತ ಇಷ್ಟವಾದವನೂ ಇವನೇ. ಚೌಕಾಸಿ ಮಾಡುವುದಿಲ್ಲ, ಅವನು ಖಾಲಿ ಮಾಡಿದ ಪಂಜರ ಮುಂದಿನ ವಾರ ತುಂಬಿರುತ್ತದೆ.

ಇನ್ನು ವಿಕ್ರಯಿಗಳು. ಇವರನ್ನು ಬೆಲೆಯಿಂದಲೋ ತಳಿಯಿಂದಲೋ ವಿಂಗಡಿಸುವುದು ಅಲ್ಪಜ್ಞರ ಪದ್ಧತಿ. ಪ್ರಾಜ್ಞರು ವಿಂಗಡಿಸುವುದು ಮರಿಯ ತಾಯಿ ಎಲ್ಲಿದ್ದಾಳೆ ಎಂಬುದರಿಂದ.

ಅದೃಶ್ಯಮಾತೃಕನು ಅತ್ಯಂತ ಸುಲಭವಾಗಿ ಸಿಗುವವನು. ಇವನಿಗೆ ಮನೆಯಿಲ್ಲ, ಅಂಗಡಿಯಿಲ್ಲ, ವಾಟ್ಸಾಪ್ ಸಂಖ್ಯೆಯಿದೆ. ಮರಿಯನ್ನು ರಟ್ಟಿನ ಡಬ್ಬದಲ್ಲಿ ತಂದು ಮೆಟ್ರೊ ನಿಲ್ದಾಣದ ಕೆಳಗೋ ಟೋಲ್ ಗೇಟಿನ ಪಕ್ಕದಲ್ಲೋ ಕೊಡುತ್ತಾನೆ. ತಾಯಿ ಎಲ್ಲಿ ಎಂದರೆ 'ಊರಲ್ಲಿದೆ ಸಾರ್'. ಯಾವ ಊರು ಎಂದು ಯಾರೂ ಕೇಳಿದ್ದಿಲ್ಲ.

ಪ್ರತಿನಿಧಿಮಾತೃಕನು ಹೆಚ್ಚು ಓದಿದವನು. ತಾಯಿಯನ್ನು ತೋರಿಸುತ್ತಾನೆ, ಆದರೆ ಬೇರೆಯ ತಾಯಿಯನ್ನು. ಸ್ನಾನ ಮಾಡಿಸಿ, ಬಾಚಿ, ಸೋಫಾದ ಮೇಲೆ ಕೂರಿಸಿದ ಕೊಬ್ಬಿದ ಹೆಣ್ಣುನಾಯಿ. ಗುರುತು ಹಿಡಿಯುವುದು ಕಷ್ಟವಲ್ಲ. ಮರಿ ಕುಂಯ್ ಎಂದರೂ ಆಕೆ ತಿರುಗಿ ನೋಡುವುದಿಲ್ಲ. ಹಾಲೂಡಿಸಿದ ಮೊಲೆಯ ಗುರುತೂ ಇರುವುದಿಲ್ಲ. ಇವನ ಉಪಜಾತಿ ವಿಡಿಯೊಮಾತೃಕ.

ಅಂತಃಪುರಮಾತೃಕನ ಮನೆಯಲ್ಲಿ ತಾಯಿ ನಿಜವಾಗಿಯೂ ಇದ್ದಾಳೆ. ಬಾಗಿಲ ಹಿಂದೆ ಬೊಗಳುವುದೂ ಕೇಳುತ್ತದೆ. 'ಮರಿ ಹಾಕಿದೆ, ಕಚ್ಚುತ್ತೆ, ಒಳಗೆ ಬರಬೇಡಿ.' ಕಿವಿಯಿಟ್ಟು ಕೇಳಿದರೆ ಬೊಗಳುವ ದನಿ ಒಂದೇ ಅಲ್ಲ.

ಪ್ರತ್ಯಕ್ಷಮಾತೃಕನು ವಿರಳ. ಇವನ ಲಕ್ಷಣ, ನಿಮ್ಮನ್ನೇ ಪ್ರಶ್ನೆ ಕೇಳುವುದು. ಮನೆಯಲ್ಲಿ ಹಗಲು ಯಾರಿರುತ್ತಾರೆ, ಊರಿಗೆ ಹೋದರೆ ಯಾರು ನೋಡುತ್ತಾರೆ, ಸಾಕಲಾಗದಿದ್ದರೆ ನನಗೇ ವಾಪಸ್ ಕೊಡುತ್ತೀರಾ. ಮರಿ ಈಗ ಇಲ್ಲ, ಕಾಯಿರಿ ಎನ್ನುತ್ತಾನೆ. ಮುಧೋಳದ ಸುತ್ತಿನ ಹಳ್ಳಿಗಳಲ್ಲಿ ಬೇಟೆನಾಯಿ ಸಾಕುವ ಮನೆಗಳಿಗೆ ಹೋದರೆ ತಾಯಿ ಹೊಸ್ತಿಲಲ್ಲೇ ಮಲಗಿರುತ್ತದೆ, ದಾಟಿಕೊಂಡೇ ಒಳಗೆ ಹೋಗಬೇಕು. ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. 2005ರಲ್ಲಿ ಅಂಚೆಚೀಟಿ ಏರಿದ ಮುಧೋಳ ತಳಿಯನ್ನು 2020ರಲ್ಲಿ ಪ್ರಧಾನಿ ತಮ್ಮ ರೇಡಿಯೊ ಭಾಷಣದಲ್ಲಿ ಹೊಗಳಿದರು. ಹೊಗಳಿಕೆ ನಾಯಿಗೆ ಒಳ್ಳೆಯದಲ್ಲ ಎಂಬುದು ಪಗ್‌ನ ಕಥೆಯಿಂದ ಸಿದ್ಧವಾಗಿರುವುದರಿಂದ ನನಗೆ ಸ್ವಲ್ಪ ಅಳುಕಿದೆ.

ವ್ಯಾಪಾರಿಗಳ ಅಲಂಕಾರಶಾಸ್ತ್ರವೂ ಒಂದಿದೆ. ಹೆವಿ ಬೋನ್, ಪಂಚ್ ಫೇಸ್, ಡಬಲ್ ಕೋಟ್, ಚಾಂಪಿಯನ್ ಲೈನ್, ಟೀಕಪ್. ಎಲ್ಲವೂ ಮರಿಯ ವಿಶೇಷಣಗಳು. ಕೆನಲ್ ಕ್ಲಬ್ ಆಫ್ ಇಂಡಿಯಾದ (ಕೆಸಿಐ) ಪೇಪರ್ ಇದ್ದರೆ ಒಂದು ರೇಟು, ಇಲ್ಲದಿದ್ದರೆ ಇನ್ನೊಂದು. ಆ ಪೇಪರ್ ವಂಶವೃಕ್ಷವನ್ನು ಹೇಳುತ್ತದೆ. ವೃಕ್ಷದ ಬುಡದಲ್ಲಿರುವ ತಾಯಿ ಯಾವ ಪಂಜರದಲ್ಲಿ ಎಷ್ಟು ಸಲ ಹೆತ್ತಳು ಎಂದು ಹೇಳುವ ಅಂಕಣ ಅದರಲ್ಲಿಲ್ಲ.

ಆ ತಾಯಿಯ ಅಧ್ಯಾಯವನ್ನು ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ. ಹೆಣ್ಣುನಾಯಿ ಸುಮಾರು ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಬಸಿರು ಸುಮಾರು 63 ದಿನ. ಲೆಕ್ಕ ತಿಳಿದವನು ವರ್ಷಕ್ಕೆರಡು ಸೂಲು ತೆಗೆಯಬಹುದು, ತೆಗೆಯುತ್ತಾನೆ. ಮರಿಗಳನ್ನು ನಾಲ್ಕೈದು ವಾರಕ್ಕೇ ಕೀಳುತ್ತಾನೆ. ಚಿಕ್ಕದಿದ್ದಷ್ಟೂ ಮುದ್ದು, ಮುದ್ದಾದಷ್ಟೂ ಬೆಲೆ, ಜೊತೆಗೆ ಆಹಾರದ ಉಳಿತಾಯ. ಕಚ್ಚುವುದಕ್ಕೆ ಮಿತಿಯೆಷ್ಟು, ಜಗಳ ನಿಲ್ಲಿಸುವುದು ಹೇಗೆ ಎಂದು ಮರಿ ತಾಯಿಯಿಂದಲೂ ಒಡಹುಟ್ಟಿದವುಗಳಿಂದಲೂ ಕಲಿಯುವ ಕಾಲವೇ ಅದು. ಕಲಿಯದೆ ಬಂದ ಮರಿ ಎರಡು ವರ್ಷಕ್ಕೆ ಕಚ್ಚಿದಾಗ ತಳಿಯನ್ನು ದೂರುತ್ತಾರೆ. ಪಾರ್ವೊ ವೈರಸ್ಸಿನದು ಇನ್ನೊಂದು ಲೆಕ್ಕ. ಸೋಂಕು ತಗುಲಿದ ಮರಿ ಕೆಲವು ದಿನ ಚೆನ್ನಾಗಿಯೇ ಕುಣಿಯುತ್ತದೆ. ಕೊಂಡುತಂದ ವಾರದೊಳಗೆ ವಾಂತಿ, ರಕ್ತಭೇದಿ. ಗೃಹಸ್ಥ ಡ್ರಿಪ್ ಹಿಡಿದು ಕೂತಿರುವಾಗ ಆ ವಾಟ್ಸಾಪ್ ಸಂಖ್ಯೆ ಸ್ವಿಚ್ಡ್ ಆಫ್. ಬಸಿರು ನಿಲ್ಲದಾದ ತಾಯಿಯನ್ನು ಹೊರವಲಯದ ಯಾವುದೋ ರಸ್ತೆಯಲ್ಲಿ ಇಳಿಸುತ್ತಾರೆ. ಜೋತುಬಿದ್ದ ಮೊಲೆ, ಸುತ್ತಿಕೊಂಡ ಉಗುರು, ಗಂಟುಗಂಟಾದ ಕೂದಲು. ಹುಲ್ಲಿನ ಮೇಲೆ ಹೆಜ್ಜೆಯಿಡಲು ಹೆದರುವ ಇಂಥ ನಾಯಿಗಳು ಬೆಂಗಳೂರಿನ ಪ್ರಾಣಿರಕ್ಷಕರಿಗೆ ಹೊಸದಲ್ಲ. ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಕಟ್ಟಿದ ಕ್ಯೂಪಾ ಸಂಸ್ಥೆ ಹೀಗೆ ಬಿಟ್ಟುಹೋದ ಜಾತಿ ನಾಯಿಗಳಿಗೆಂದೇ 'ಸೆಕೆಂಡ್ ಚಾನ್ಸ್' ಎಂಬ ದತ್ತು ಕೇಂದ್ರ ತೆರೆಯಬೇಕಾಯಿತು.

ಈಗ ಧರ್ಮಶಾಸ್ತ್ರ. ನೃತ್ಯಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಟಹಿಡಿದದ್ದರ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಅದರ ಅಡಿಯಲ್ಲಿ 2017ರಲ್ಲಿ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮಗಳು, 2018ರಲ್ಲಿ ಪೆಟ್ ಶಾಪ್ ನಿಯಮಗಳು. ತಳಿ ಸಾಕುವವನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಎಂಟು ವಾರ ತುಂಬದ ಮರಿ ಮಾರಬಾರದು. ಹದಿನೆಂಟು ತಿಂಗಳಾಗದ ಹೆಣ್ಣನ್ನು ಕೂಡಿಸಬಾರದು, ಎಂಟು ವರ್ಷ ದಾಟಿದ ಮೇಲೆ ಕೂಡಿಸುವುದನ್ನೇ ಬಿಟ್ಟುಬಿಡಬೇಕು. ಮನುಸ್ಮೃತಿಗಿಂತ ಸ್ಪಷ್ಟವಾದ ನಿಯಮಗಳು. ಆದರೆ ತಾಯಿ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಣಿಹಿಂಸೆಯ ಮೊದಲ ಅಪರಾಧಕ್ಕೆ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲದಂತೆ, ಐವತ್ತು ರೂಪಾಯಿಗೆ ಮೀರದಂತೆ. 1960ರಲ್ಲಿ ಅದು ದುಡ್ಡಾಗಿತ್ತು. ಇಂದು ಮರಿಯ ಜೊತೆ ಉಚಿತವಾಗಿ ಕೊಡುವ ಬೆಲ್ಟಿಗೂ ಅದಕ್ಕಿಂತ ಹೆಚ್ಚು ಬೀಳುತ್ತದೆ.

ಸರ್ಕಾರಕ್ಕೆ ವರ್ಗೀಕರಣದ ಚಪಲ ಇಲ್ಲವೆಂದಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳು ಉಗ್ರವೆಂದು ಪಟ್ಟಿ ಮಾಡಿ ನಿಷೇಧದ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲೇ ಅದನ್ನು ರದ್ದುಮಾಡಿತು. ನಾಯಿಗಳ ದವಡೆ ನೋಡಿ ವಿಂಗಡಿಸಿದವರು ಮಾರುವವರ ಲೆಕ್ಕದ ಪುಸ್ತಕ ನೋಡಿ ವಿಂಗಡಿಸಿದ್ದರೆ ಪಟ್ಟಿ ಇನ್ನೂ ಉದ್ದವಾಗುತ್ತಿತ್ತು, ಕೋರ್ಟಿನಲ್ಲೂ ನಿಲ್ಲುತ್ತಿತ್ತೇನೋ.

ಪೂರ್ವಪಕ್ಷಿ ಇಲ್ಲಿ ಎದ್ದು ನಿಲ್ಲುತ್ತಾನೆ: 'ನನ್ನ ದುಡ್ಡು, ನನ್ನ ಮನೆ. ಗುಣ ಗೊತ್ತಿರುವ ತಳಿ ಬೇಕೆಂದರೆ ತಪ್ಪೇ?' ತಪ್ಪಲ್ಲ. ಸಿದ್ಧಾಂತಿ ತಳಿಯನ್ನು ಆಕ್ಷೇಪಿಸುವುದಿಲ್ಲ, ತಾಯಿಯನ್ನು ತೋರಿಸು ಎನ್ನುತ್ತಾನೆ. ಇಂಗ್ಲೆಂಡಿನಲ್ಲಿ ಈ ಒಂದು ವಾಕ್ಯವೇ 2020ರ ಏಪ್ರಿಲ್‌ನಿಂದ ಕಾನೂನು. ವೇಲ್ಸಿನ ಮರಿ ಕಾರ್ಖಾನೆಯಿಂದ ಪಾರಾಗಿ ಬಂದ ಲೂಸಿ ಎಂಬ ಸ್ಪೇನಿಯಲ್ ತಾಯಿಯ ಹೆಸರು ಅದಕ್ಕೆ. ಆರು ತಿಂಗಳೊಳಗಿನ ಮರಿಯನ್ನು ಹುಟ್ಟಿಸಿದವನೇ ಮಾರಬೇಕು, ಹುಟ್ಟಿದ ಜಾಗದಲ್ಲಿ, ತಾಯಿಯ ಜೊತೆ ತೋರಿಸಿ. ಮಧ್ಯವರ್ತಿಗೆ ಜಾಗವಿಲ್ಲ. ಫ್ರಾನ್ಸ್ 2024ರಿಂದ ಅಂಗಡಿಗಳಲ್ಲಿ ನಾಯಿ ಬೆಕ್ಕು ಮಾರುವುದನ್ನೇ ನಿಲ್ಲಿಸಿತು. ನಮ್ಮಲ್ಲಿ ಇಂಥ ಕಾನೂನು ಬರುವವರೆಗೆ ಕೊಳ್ಳುವವನೇ ಇನ್‌ಸ್ಪೆಕ್ಟರ್.

ಉಳಿದದ್ದು ದತ್ತು. ಇದರ ಅಡ್ಡಿಗಳಲ್ಲಿ ಮೊದಲನೆಯದು ದತ್ತು ಕೊಡುವವರೇ ಎಂದು ಕೆಲವರ ದೂರು. ಫಾರಂ ತುಂಬಬೇಕು, ಮನೆ ನೋಡಲು ಬರುತ್ತಾರೆ, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ, ಸಂತಾನಹರಣಕ್ಕೆ ಸಹಿ. ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ ಎಂದು ಗೊಣಗುತ್ತಾರೆ. ಒಮ್ಮೆ ಬೀದಿಗೆ ಬಿದ್ದ ಜೀವವನ್ನು ಮತ್ತೊಮ್ಮೆ ಬೀಳಿಸಬಾರದೆಂದು ಕೇಳುತ್ತಾರೆ, ಉತ್ತರಿಸಿ. ಎರಡನೆಯ ಅಡ್ಡಿ ಅಪಾರ್ಟ್‌ಮೆಂಟ್ ಸಂಘ. ನಾಯಿ ಸಾಕಬಾರದೆಂದು ಸಂಘಗಳು ನಿರ್ಬಂಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಸುತ್ತೋಲೆಯ ಪ್ರತಿಯೊಂದನ್ನು ಇಟ್ಟುಕೊಂಡಿರಿ. ಮೂರನೆಯದು ಮನಸ್ಸಿನೊಳಗಿನದು: ಕಂತ್ರಿ ನಾಯಿಯೇ? ಬಿಬಿಎಂಪಿಯ 2023ರ ಗಣತಿಯಂತೆ ಬೆಂಗಳೂರಿನ ಬೀದಿಗಳಲ್ಲಿ ಸುಮಾರು 2.79 ಲಕ್ಷ ನಾಯಿಗಳಿದ್ದವು. ಈ ಹವೆಗೆ, ಈ ನೀರಿಗೆ ಒಗ್ಗಿದ ಮೈ, ಉಸಿರಾಡಲು ಸಾಕಷ್ಟು ಉದ್ದದ ಮೂಗು. ಹೆವಿ ಬೋನ್ ಇಲ್ಲ, ನಿಜ. ಎಲ್ಲ ಬೀದಿನಾಯಿಯೂ ಮನೆಗೆ ಒಗ್ಗುತ್ತದೆಂದು ನಾನು ಹೇಳಲಾರೆ. ಬೀದಿಯನ್ನೇ ಮನೆ ಮಾಡಿಕೊಂಡ ದೊಡ್ಡ ನಾಯಿಯನ್ನು ಆರನೇ ಮಹಡಿಗೆ ಏರಿಸುವುದೂ ಒಂದು ಬಗೆಯ ಹಿಂಸೆಯೇ. ಸಾಕಲಾಗದವರು ದತ್ತು ತೆಗೆದುಕೊಳ್ಳದಿರುವುದೂ ಜವಾಬ್ದಾರಿಯ ದತ್ತಿನ ಒಂದು ಪ್ರಭೇದವೆಂದೇ ಈ ಗ್ರಂಥದ ಮತ.

ಆದ್ದರಿಂದ ಅಧಿಕಾರಿಯೇ, ಆ ಮೊಬೈಲ್ ಕೆಳಗಿಡು. ಕೊಳ್ಳಲೇಬೇಕೆಂದಿದ್ದರೆ ಮಾರುವವನ ನೋಂದಣಿ ಸಂಖ್ಯೆ ಕೇಳು, ಹುಟ್ಟಿದ ಜಾಗಕ್ಕೆ ಹೋಗು, ಮರಿ ತಾಯಿಯ ಮೊಲೆಗೆ ಹೋಗುವುದನ್ನು ಕಣ್ಣಾರೆ ನೋಡು. ಇಲ್ಲವೆಂದರೆ ಅಲ್ಲಿಂದ ಬರಿಗೈಯಲ್ಲಿ ಬಾ, ಪಂಜರದ ಮರಿ ಎಷ್ಟೇ ಅತ್ತರೂ ದುಡ್ಡು ಕೊಡಬೇಡ, ಬದಲಿಗೆ ದೂರು ಕೊಡು. ಭಾನುವಾರ ಬಿಡುವಾದಾಗ ಹತ್ತಿರದ ಶೆಲ್ಟರ್‌ಗೆ ಹೋಗು. ಮರಿಗಳಿಗೆ ಕೇಳುವವರು ಬಂದೇ ಬರುತ್ತಾರೆ. ಐದು ವರ್ಷ ದಾಟಿದವುಗಳನ್ನು ಮೊದಲು ತೋರಿಸಿ ಎಂದು ಹೇಳು.