ಬೇಲಿ ದಾಟಿ ಬರುವ ಕ್ರೋಟನ್

ಕ್ರೋಟನ್ ಗಿಡಕ್ಕೆ ಬಣ್ಣ ಬರ್ತಿಲ್ಲ, ಬರೀ ಹಸಿರಾಗ್ತಿದೆ ಅಂತ ಯಾರಾದರೂ ಗೊಬ್ಬರದ ಚೀಲ ಬಿಚ್ಚೋಕೆ ಹೊರಟರೆ, ಸ್ವಲ್ಪ ತಡೀರಿ ಅಂತ ನಾನು ಅಡ್ಡ ಹೋಗ್ತೀನಿ. ಅದಕ್ಕೆ ಬೇಕಾಗಿರೋದು ಬಿಸಿಲು ಕಣ್ರೀ. ನೆರಳಲ್ಲಿಟ್ಟರೆ ಗಿಡ ಸಾಯಲ್ಲ ನಿಜ, ಆದರೆ ಹೊಸ ಎಲೆಗಳೆಲ್ಲ ಹಸಿರಿಗೇ ಹೊರಳ್ತವೆ. ಬೆಳಗಿನ ಬಿಸಿಲು ಬೀಳೋ ಕಡೆ ನೆಡಿ, ಆಮೇಲೆ ನೋಡಿ ಅದರ ಸೊಗಸು. ಮಾವಿನ ಚಿಗುರು ಕೆಂಪಗೆ ಬಂದು ಆಮೇಲೆ ಹಸಿರಾಗುತ್ತೆ. ಕ್ರೋಟನ್‌ನ ಎಷ್ಟೋ ತಳಿಗಳಲ್ಲಿ ಇದು ಉಲ್ಟಾ: ಎಳೇದು ಹಸಿರು-ಹಳದಿ, ಬಲಿತಷ್ಟೂ ಕೆಂಪು. ವಯಸ್ಸಾದ ಹಾಗೆ ಬಣ್ಣ ಏರೋದು ಎಂಥ ಚೆಂದ, ಅಲ್ವಾ?

ಕುಂಡದಲ್ಲಿದ್ದರೆ ಮಾತ್ರ ಪದೇ ಪದೇ ಜಾಗ ಬದಲಾಯಿಸಬೇಡಿ. ಮುನಿಸಿಕೊಂಡು ಎಲೆ ಉದುರಿಸಿಬಿಡುತ್ತೆ. ಹಾಗಂತ ಕಿತ್ತೆಸೆಯಲೂ ಬೇಡಿ, ಹದವಾಗಿ ನೀರು ಹಾಕ್ತಿದ್ದರೆ ಮತ್ತೆ ಚಿಗುರುತ್ತೆ.

ತೀರ್ಥಹಳ್ಳಿ ಕಡೆಯ ನಮ್ಮ ಸೋದರತ್ತೆ ಅಂಗಳದ ಸುತ್ತ ಕ್ರೋಟನ್ನೇ ಬೇಲಿ. ದನಗಳು ಅದಕ್ಕೆ ಅಷ್ಟಾಗಿ ಬಾಯಿ ಹಾಕ್ತಿರಲಿಲ್ಲ. ಆರಿದ್ರೆ ಮಳೆ ಹಿಡಿಯಿತು ಅಂದರೆ ಅತ್ತೆ ಕತ್ತಿ ಹಿಡಿದು ಹೊರಡೋರು. ಗೇಣುದ್ದದ ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ಸವರಿ, ಒದ್ದೆ ಮಣ್ಣಿಗೆ ಚುಚ್ಚೋರು. ರಸ ಬಟ್ಟೆಗೆ ತಾಗಿದರೆ ಕಲೆ ಹೋಗಲ್ಲ ಅಂತ ನಮ್ಮನ್ನೆಲ್ಲ ದೂರ ನಿಲ್ಲಿಸೋರು. ಮನೆಗೆ ಬಂದ ಹೆಂಗಸರು ಅರಿಶಿನ ಕುಂಕುಮದ ಜೊತೆ ಒಂದು ಕಡ್ಡಿಯನ್ನೂ ಹಿಡಿದೇ ಹೋಗ್ತಿದ್ದರು.

ಆ ಬೇಲಿಯಲ್ಲೊಂದು ವಿಚಿತ್ರದ ಗಿಡ ಇತ್ತು. ಎಲೆ ಅರ್ಧ ಬೆಳೆದು ಅಲ್ಲೇ ನಿಂತುಬಿಡೋದು. ಅಲ್ಲಿಂದ ಮುಂದೆ ಬರೀ ನಡುನರ. ಅದರ ತುದಿಗೆ ಜುಮುಕಿಯ ಹಾಗೆ ಇನ್ನೊಂದು ಪುಟ್ಟ ಎಲೆ! ಗಾಳಿ ಬಂದರೆ ತುದಿಯ ಎಲೆ ಮಾತ್ರ ಓಲಾಡೋದು. ಅದನ್ನು ನೋಡ್ತಾ ಕೂತರೆ ಊಟಕ್ಕೆ ಕರೆದದ್ದೂ ಕೇಳಿಸ್ತಿರಲಿಲ್ಲ.

ಹೂವಿಲ್ಲದ ಗಿಡ ಅಂತಾರಲ್ಲ, ಅದೂ ಸರಿಯಲ್ಲ. ಎಲೆಗಳ ನಡುವೆ ಸಪೂರ ಗೊಂಚಲು ಇಳಿಬಿದ್ದಿರುತ್ತೆ. ಒಂದೇ ಗಿಡದಲ್ಲಿ ಗಂಡು ಹೂವಿನ ಗೊಂಚಲು ಬೇರೆ, ಹೆಣ್ಣಿನದು ಬೇರೆ. ಬಿಳಿ ಕುಚ್ಚಿನ ಹಾಗಿರೋದು ಗಂಡು. ಎಲೆಯ ಬಣ್ಣ ನೋಡೋ ಭರದಲ್ಲಿ ಅದು ಯಾರ ಕಣ್ಣಿಗೂ ಬೀಳಲ್ಲ, ಅಷ್ಟೇ.

ಇದರ ತವರು ಇಂಡೋನೇಷ್ಯಾದ ಮಲುಕು ದ್ವೀಪಗಳ ಕಡೆ. ಅಲ್ಲಿನ ಅಂಬೋನ್‌ನಲ್ಲಿದ್ದ ರುಂಫಿಯಸ್ ಅನ್ನೋ ಸಸ್ಯಶಾಸ್ತ್ರಜ್ಞ 17ನೇ ಶತಮಾನದಲ್ಲೇ ಇದರ ಬಗ್ಗೆ ಬರೆದಿಟ್ಟ. 1670ರಲ್ಲಿ ಅವನ ಕಣ್ಣು ಹೋಯಿತು, ಆದರೂ ಪುಣ್ಯಾತ್ಮ ಬೇರೆಯವರ ಕೈಲಿ ಬರೆಸಿ ಗಿಡಗಳ ಗ್ರಂಥ ಮುಗಿಸಿದ. ಅದು ಅಚ್ಚಾಗೋಕೆ ಶುರುವಾದದ್ದು 1741ರಲ್ಲಿ, ಅವನು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ನಮ್ಮ ಬೇಲಿ ಗಿಡದ ಹಿಂದೆ ಇಂಥವರೂ ಇದ್ದಾರೆ ನೋಡಿ.

ಬೀಜ ಹಾಕಿದರೆ ತಾಯಿಗಿಡದ ಬಣ್ಣವೇ ಬರುತ್ತೆ ಅನ್ನೋ ಭರವಸೆಯಿಲ್ಲ. ಅದೇ ಎಲೆ, ಅದೇ ಬಣ್ಣ ಬೇಕು ಅಂದರೆ ಕಡ್ಡಿಯನ್ನೇ ನೆಡಬೇಕು, ಇಲ್ಲವೇ ಗೂಟಿ ಕಟ್ಟಬೇಕು. ಅಂದರೆ, ಒಳ್ಳೇ ತಳಿ ಒಬ್ಬರ ಅಂಗಳದಲ್ಲೇ ಉಳಿದರೆ ಆ ಗಿಡದ ಜೊತೆಗೇ ಮುಗಿದುಹೋಗುತ್ತೆ. ಕೇಳಿದವರಿಗೆಲ್ಲ ಮುರಿದುಕೊಟ್ಟರೇ ಅದಕ್ಕೆ ಆಯುಸ್ಸು, ಅಲ್ವಾ?