33ನೆಯ ರಹಸ್ಯ ಅಥವಾ ಪತ್ರೋಡ್ಡಯನ ಮೀಮಾಂಸೆ

ವಿಮಾನಶಾಸ್ತ್ರ ಮೈಸೂರಿಗೆ ಹೊಸತಲ್ಲ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಭರದ್ವಾಜ ಮಹರ್ಷಿಯ ಹೆಸರಿನಲ್ಲಿ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು ಜಿ.ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದ್ದು ಇದೇ ಊರಿನಿಂದ. ವಿಮಾನ ನಡೆಸುವವನು 32 ರಹಸ್ಯಗಳನ್ನು ಅರಿತಿರಬೇಕೆಂಬುದು ಆ ಗ್ರಂಥದ ಅಪ್ಪಣೆ. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಲ್ಲಿನ ವಿಮಾನಗಳನ್ನು ಲೆಕ್ಕ ಹಾಕಿ ನೋಡಿ, ಇವು ನೆಲ ಬಿಟ್ಟು ಏಳುವ ಪೈಕಿಯಲ್ಲ, ಗ್ರಂಥವೂ 1904ಕ್ಕಿಂತ ಹಳೆಯದಲ್ಲ ಎಂದು ತೀರ್ಪಿತ್ತರು. ಶಾಸ್ತ್ರವಿತ್ತು, ಹಾರಾಟವಿರಲಿಲ್ಲ. ಇಂದು ಕಥೆ ತಿರುಗುಮುರುಗು. ಹಾರಾಟವಿದೆ, ಊರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಮೇಲೆ ತರಬೇತಿ ವಿಮಾನಗಳು ಸುತ್ತು ಹಾಕುತ್ತವೆ. ಆದರೆ ಹಾಗೆ ಕಲಿತವರು ಕಡಲಾಚೆ ಪೈಲಟ್ ಕೆಲಸ ಹುಡುಕಿ ಹೊರಟರೆ ಏನಾಗುತ್ತದೆ ಎಂಬುದಕ್ಕೆ ಶಾಸ್ತ್ರವಿಲ್ಲ. ಈ ಜ್ಞಾನಶೂನ್ಯವನ್ನು ‘ಗಗನಚಾರಿ ಅಸ್ಮಿತೆಯ ರಾಷ್ಟ್ರಾತೀತ ಚಲನಶೀಲತೆಯ ಪತ್ರಕೇಂದ್ರಿತ ಪರಿಪ್ರೇಕ್ಷ್ಯ’ ಎಂಬ ಸೈದ್ಧಾಂತಿಕ ನೆಲೆಗಟ್ಟಿನ ಮೇಲೆ ನಿಂತು (ನಿಲ್ಲಲು ಅಲ್ಲಿ ಜಾಗ ಸ್ವಲ್ಪ ಕಡಿಮೆ) ತುಂಬುವುದು ಪ್ರಸ್ತುತ ಮೀಮಾಂಸೆಯ ಉದ್ದೇಶ. ಭರದ್ವಾಜರು ಹೇಳದೆ ಬಿಟ್ಟ 33ನೆಯ ರಹಸ್ಯ ಇದು: ಗಡಿ ದಾಟಿ ಹಾರುವುದು ಪೈಲಟ್ ಅಲ್ಲ, ಅವನ ಕಾಗದ.

ಮೊದಲಿಗೆ ನಿರುಕ್ತಿ. ಅಮರಕೋಶದಲ್ಲಿ ‘ಪತ್ರ’ ಎಂದರೆ ಎಲೆ ಮಾತ್ರವಲ್ಲ, ಹಕ್ಕಿಯ ರೆಕ್ಕೆಯೂ ಹೌದು. ನಮ್ಮ ಕಚೇರಿಗಳಲ್ಲಿ ಅದು ಕಾಗದ. ರೆಕ್ಕೆಗೂ ಕಾಗದಕ್ಕೂ ಒಂದೇ ಪದ ಸಲ್ಲುವಂತೆ ಮಾಡಿದ ಪೂರ್ವಿಕರಿಗೆ, ಮುಂದೊಂದು ಕಾಲಕ್ಕೆ ಮನುಷ್ಯ ಕಾಗದ ಬಡಿದೇ ಹಾರಬೇಕಾಗುತ್ತದೆ ಎಂದು ಹೊಳೆದಿತ್ತೆಂದು ಊಹಿಸಲು ಅಡ್ಡಿಯಿಲ್ಲ. ಇದಕ್ಕಿಂತ ಬಡಕಲು ಊಹೆಗಳ ಮೇಲೆ ಪಿಎಚ್‌.ಡಿ. ಪಡೆದವರಿದ್ದಾರೆ. ಎರಡನೆಯ ಪ್ರಮಾಣವೂ ಮೈಸೂರಿನದೇ. ಇಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷ ಎಂಬೊಬ್ಬ ಅಧಿಕಾರಿ ಬರುತ್ತಾನೆ. ಒಂದು ಮಾಷಕ ಕೊಟ್ಟರೆ ಅವನು ಮುದ್ರೆ ಒತ್ತಿಕೊಡುತ್ತಾನೆ. ಮುದ್ರೆ ಉಳ್ಳವರು ನಾಡಿನೊಳಗೆ ಬರಬಹುದು, ಹೊರಗೆ ಹೋಗಬಹುದು. ಇಲ್ಲದೆ ಓಡಾಡಿದರೆ 12 ಪಣ ದಂಡ. ಗಮನಿಸಬೇಕಾದದ್ದು ಇಷ್ಟೆ: ಕಠೋರನೆಂದು ಹೆಸರಾದ ಕೌಟಿಲ್ಯನೂ ಒಂದೇ ಮುದ್ರೆಗೆ ತೃಪ್ತನಾಗಿದ್ದ.

ಆಧುನಿಕ ಪತ್ರವು ಪಂಚವಿಧ: ಜ್ಞಾನಪತ್ರ, ದೇಹಪತ್ರ, ವಾಕ್ಪತ್ರ, ಕಾಲಪತ್ರ, ವಾಸಪತ್ರ. ಜ್ಞಾನಪತ್ರ ಎಂದರೆ ಲೈಸೆನ್ಸ್. 1944ರ ಷಿಕಾಗೊ ಒಪ್ಪಂದದ 32ನೆಯ ವಿಧಿಯ ಪ್ರಕಾರ, ದೇಶದೇಶಗಳ ನಡುವೆ ಹಾರುವ ವಿಮಾನದ ಪೈಲಟ್ಟಿನ ಲೈಸೆನ್ಸು ಆ ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶ ಕೊಟ್ಟದ್ದಾಗಿರಬೇಕು, ಇಲ್ಲವೇ ಆ ದೇಶ ಮಾನ್ಯ ಮಾಡಿದ್ದಾಗಿರಬೇಕು. ಅಂದರೆ ವಿಮಾನಕ್ಕೆ ಗೋತ್ರವಿದೆ. ಭಾರತದ್ದು ‘ವಿಟಿ’ ಗೋತ್ರ, ಅಮೆರಿಕದ್ದು ‘ಎನ್’, ಬ್ರಿಟನ್ನಿನದು ‘ಜಿ’, ಸಂಯುಕ್ತ ಅರಬ್ ಎಮಿರೇಟ್ಸಿನದು ‘ಎ6’. ನಮ್ಮಲ್ಲಿ ಸಗೋತ್ರ ವಿವಾಹ ನಿಷಿದ್ಧ. ಆಕಾಶದಲ್ಲಿ ಸಗೋತ್ರಕ್ಕೆ ಮಾತ್ರ ಸಮ್ಮತಿ. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ, 200 ಗಂಟೆ ಹಾರಿ ‘ವಿಟಿ’ ಕುಲಕ್ಕೆ ಸೇರಿದವಳು ಯುರೋಪಿನ ಲೈಸೆನ್ಸ್ ಬೇಕೆಂದರೆ 13 ವಿಷಯಗಳಲ್ಲಿ ಮತ್ತೆ ಪರೀಕ್ಷೆ ಕಟ್ಟಬೇಕು, ಪ್ರತಿಯೊಂದರಲ್ಲೂ ನೂರಕ್ಕೆ 75 ತೆಗೆಯಬೇಕು. ಮುಗಿಲು, ಗಾಳಿ, ಒತ್ತಡಗಳ ಪಾಠ ಅವೇ. ಚಾಮುಂಡಿ ಬೆಟ್ಟದ ಮೇಲಿನ ಮೋಡಕ್ಕೊಂದು ಹವಾಮಾನಶಾಸ್ತ್ರ, ಆಲ್ಪ್ಸ್ ಮೇಲಿನದಕ್ಕೆ ಇನ್ನೊಂದು ಎಂದು ಯಾರೂ ಹೇಳಿಲ್ಲ. ನಾವೇನೂ ಕಡಿಮೆಯಿಲ್ಲ. ಅಮೆರಿಕಕ್ಕೋ ದಕ್ಷಿಣ ಆಫ್ರಿಕಕ್ಕೋ ಹೋಗಿ ಕಲಿತು ಬಂದ ನಮ್ಮದೇ ಹುಡುಗರನ್ನು ಡಿಜಿಸಿಎ ಪರೀಕ್ಷೆಗೆ ಮತ್ತೆ ಕೂರಿಸಿ ಪ್ರಾಯಶ್ಚಿತ್ತ ಮಾಡಿಸಿಯೇ ಕುಲಕ್ಕೆ ಸೇರಿಸಿಕೊಳ್ಳುತ್ತೇವೆ. ದೇಹಪತ್ರದ್ದೂ ಇದೇ ಕಥೆ: ಬೆಂಗಳೂರಿನಲ್ಲಿ ನೆಟ್ಟಗೆ ಬಡಿದ ಹೃದಯ ಯುರೋಪಿನ ಲೈಸೆನ್ಸಿಗಾಗಿ ಯುರೋಪ್ ಮಾನ್ಯ ಮಾಡಿದ ವೈದ್ಯರ ಮುಂದೆ ಇನ್ನೊಮ್ಮೆ ಬಡಿದು ತೋರಿಸಬೇಕು. ವಾಕ್ಪತ್ರ ಇಂಗ್ಲಿಷ್ ಮಾತಿಗೆ ಸಂಬಂಧಿಸಿದ್ದು. ಅಂತರರಾಷ್ಟ್ರೀಯ ಮಾಪನದ 4ನೆಯ ಹಂತದ ಇಂಗ್ಲಿಷನ್ನು 3 ವರ್ಷಕ್ಕೊಮ್ಮೆ, 5ನೆಯ ಹಂತದ್ದನ್ನು 6 ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸಬೇಕು, 6ನೆಯದು ಸಾಯುವವರೆಗೆ ಕೆಡುವುದಿಲ್ಲ. ಮಾವಿನಮಿಡಿಗೆ ಉಪ್ಪು ಹಾಕುವವರು ಇಷ್ಟು ಖಚಿತವಾಗಿ ಹೇಳಲಾರರು. ಕಾಲಪತ್ರ ಎಂದರೆ ಹಾರಿದ ಗಂಟೆಗಳ ಲಾಗ್‌ಬುಕ್. ಅದರ ಅವಾಂತರ ಭೇದಗಳನ್ನು... ಬೇಡ, ಬಿಡಿ. ಕೆಲಸ ಬೇಕಾದರೆ ಗಂಟೆ ಇರಬೇಕು, ಗಂಟೆ ಬೇಕಾದರೆ ಕೆಲಸ ಇರಬೇಕು. ಇದನ್ನು ಹೇಳಲು ಭೇದ-ಉಪಭೇದಗಳ ಹಂಗೇಕೆ?

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: ಪ್ರಯಾಣಿಕರ ಜೀವದ ಪ್ರಶ್ನೆಯಿದು, ಪರದೇಶದ ಕಾಗದವನ್ನು ಕಣ್ಣುಮುಚ್ಚಿ ನಂಬಲಾದೀತೆ? ಆಕ್ಷೇಪ ಹಗುರವಾದದ್ದಲ್ಲ. ಖೋಟಾ ಅಂಕಪಟ್ಟಿ ತೋರಿಸಿ ಲೈಸೆನ್ಸ್ ಪಡೆದವರು 2011ರಲ್ಲಿ ನಮ್ಮಲ್ಲೇ ಸಿಕ್ಕಿಬಿದ್ದರು. 2020ರಲ್ಲಿ ಪಾಕಿಸ್ತಾನದ ಮಂತ್ರಿಯೇ ತಮ್ಮ ದೇಶದ 262 ಪೈಲಟ್‌ಗಳ ಲೈಸೆನ್ಸ್ ಅನುಮಾನಾಸ್ಪದ ಎಂದು ಸಂಸತ್ತಿನಲ್ಲಿ ಹೇಳಿದರು. ಪರೀಕ್ಷಿಸುವ ಹಕ್ಕು ಪ್ರತಿ ದೇಶಕ್ಕೂ ಇರಲಿ, ಯಾರು ಬೇಡವೆಂದರು? ವಿಮಾನದಲ್ಲೋ ಸಿಮ್ಯುಲೇಟರಿನಲ್ಲೋ ಕೂರಿಸಿ ಗಂಟೆಗಟ್ಟಲೆ ಪರೀಕ್ಷಿಸಲಿ. ಹಾರಲು ಬಾರದವರು ಅಲ್ಲಿ ಬಯಲಾಗುತ್ತಾರೆ. ಆದರೆ ಸುರಕ್ಷತೆಯೊಂದೇ ಕಾರಣವಾಗಿದ್ದರೆ 2020ರ ಡಿಸೆಂಬರ್ 31ರ ರಾತ್ರಿಗೆ ಏನು ಅರ್ಥ? ಅಂದಿನವರೆಗೆ ಬ್ರಿಟನ್ನಿನ ಲೈಸೆನ್ಸು ಐರೋಪ್ಯ ಒಕ್ಕೂಟದ ವಿಮಾನಗಳಿಗೆ ಸಲ್ಲುತ್ತಿತ್ತು. ಬ್ರೆಕ್ಸಿಟ್‌ನ ಗಡುವು ಮುಗಿದದ್ದೇ ತಡ, ಬೆಳಗಾಗುವಷ್ಟರಲ್ಲಿ ಸಲ್ಲದಾಯಿತು. ಆ ಒಂದು ರಾತ್ರಿಯಲ್ಲಿ ಯಾವ ಪೈಲಟ್ ಏನನ್ನು ಮರೆತ? ಇನ್ನು ಪ್ರಯಾಣಿಕ ವಿಮಾನದ ಸಹಪೈಲಟ್ ಕೂಡ 1500 ಗಂಟೆ ಹಾರಿರಬೇಕೆಂಬ ಅಮೆರಿಕದ ನಿಯಮ. 2009ರ ಫೆಬ್ರವರಿಯಲ್ಲಿ ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತ ಮೇಲೆ ಬಂದದ್ದು ಅದು. ಆ ವಿಮಾನದ ಇಬ್ಬರು ಪೈಲಟ್‌ಗಳೂ 1500 ಗಂಟೆ ದಾಟಿದವರೇ. ನಿಯಮ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇರೆ. ಅದು ಹುಟ್ಟಲು ಕಾರಣವಾದ ಅಪಘಾತವನ್ನೇ ಅದು ತಪ್ಪಿಸುತ್ತಿರಲಿಲ್ಲ ಎಂಬುದು ಮಾತ್ರ ಲೆಕ್ಕ. ಇಂಥ ಕಾಗದದ ಒಂದು ಮುಖದಲ್ಲಿ ಸುರಕ್ಷತೆ ಎಂದು ಬರೆದಿದೆ, ನಿಜವೇ. ಮಗುಚಿ ನೋಡಿದರೆ ಅಲ್ಲಿರುವುದು ಗಡಿ.

ಎರಡನೆಯ ಪೂರ್ವಪಕ್ಷ ನಮ್ಮ ದೇಶಭಕ್ತರದು: ಇಲ್ಲಿ ಕಲಿತವರು ಅಲ್ಲಿಗೇಕೆ ಹೋಗಬೇಕು? ಸರ್ಕಾರದ ದುಡ್ಡಿನಲ್ಲಿ ಓದಿದ ವೈದ್ಯರ ಬಗ್ಗೆ ಈ ಪ್ರಶ್ನೆ ಕೇಳಿದರೆ ಒಂದು ನ್ಯಾಯವಿದೆ. ಪೈಲಟ್ ತರಬೇತಿಗೆ ಸುರಿಯುವ ಅರ್ಧ ಕೋಟಿಗೂ ಮೇಲಿನ ಹಣ ಬಹುಪಾಲು ಅಪ್ಪ-ಅಮ್ಮನದು, ಅಡವಿಟ್ಟ ಸೈಟಿನದು, ಬ್ಯಾಂಕಿನ ಸಾಲದ್ದು. ಹೀಗಿದ್ದೂ 2017ರಲ್ಲಿ ನಮ್ಮಲ್ಲಿ ಬಂದ ನಿಯಮದ ಪ್ರಕಾರ ಕಮಾಂಡರ್ ಕೆಲಸ ಬಿಡಬೇಕಾದರೆ 1 ವರ್ಷ ಮೊದಲೇ ನೋಟಿಸ್ ಕೊಡಬೇಕು, ಸಹಪೈಲಟ್ 6 ತಿಂಗಳು ಮೊದಲು. ಕಂಪನಿ ಮುಳುಗುವಾಗ ಮಾತ್ರ ಇಂಥ ಮುಂಗಡ ನೋಟಿಸ್ ಯಾರಿಗೂ ಬರುವುದಿಲ್ಲ. ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಸಂಬಳ ಬಾಕಿ ಉಳಿಸಿಕೊಂಡು ಮನೆಗೆ ಹೋದ ಪೈಲಟ್‌ಗಳಿಗೆ ಯಾವ ನಿಯಮ ನೆರವಾಯಿತು? ಹೋಗುವವರನ್ನು ಕೃತಘ್ನರೆನ್ನುವವರು ಮೊದಲು ಆ ಬಾಕಿ ಚುಕ್ತಾ ಮಾಡಿಸಲಿ, ಆಮೇಲೆ ಭಾಷಣ ಮಾಡಲಿ.

ಕೊನೆಯದಾಗಿ ವಾಸಪತ್ರ. ಉಳಿದ ನಾಲ್ಕನ್ನು ಓದಿ, ಹಾರಿ, ಸಾಲ ಮಾಡಿಯಾದರೂ ಸಂಪಾದಿಸಬಹುದು. ಇದನ್ನು ಸಂಪಾದಿಸುವ ಪರೀಕ್ಷೆಯೇ ಇಲ್ಲ. ಯುರೋಪಿನ ಹೆಚ್ಚಿನ ಕಂಪನಿಗಳ ಜಾಹೀರಾತು ಕೇಳುವುದು ಅಲ್ಲಿ ನೆಲೆಸಿ ದುಡಿಯುವ ಹಕ್ಕು ಮೊದಲೇ ಇರುವವರನ್ನು. ಅಮೆರಿಕದಲ್ಲಿ ಗ್ರೀನ್ ಕಾರ್ಡಿನ ಮಾತು ಮೊದಲು, ಗಂಟೆಗಳ ಮಾತು ಆಮೇಲೆ. ಕೊಲ್ಲಿಯ ದೊಡ್ಡ ಕಂಪನಿಗಳು ಹೊರಗಿನವರನ್ನು ಮನಸಾರೆ ಕರೆಯುತ್ತವೆ. ಆದರೆ ಅವು ಬಯಸುವುದು ದೊಡ್ಡ ಜೆಟ್‌ಗಳಲ್ಲಿ ಸಾವಿರಾರು ಗಂಟೆ ಹಾರಿದವರನ್ನು, 200 ಗಂಟೆಯ ಹೊಸಬರನ್ನಲ್ಲ. ಅಲ್ಲಿಯೂ ವೀಸಾ ನೇತಾಡುವುದು ಕೆಲಸದ ಕೊಕ್ಕೆಗೆ. 2020ರ ಕೋವಿಡ್ ಕಾಲದಲ್ಲಿ ಆ ಕೊಕ್ಕೆ ಕಳಚಿದಾಗ, ಮಕ್ಕಳ ಶಾಲೆ, ಬಾಡಿಗೆ ಮನೆ ಎಲ್ಲ ಬಿಟ್ಟು ಜನ ಗಂಟುಮೂಟೆ ಕಟ್ಟಬೇಕಾಯಿತು. ಮೀಮಾಂಸೆಯ ಭಾಷೆಯಲ್ಲಿ ಇದನ್ನು ‘ನೆಲೆರಹಿತ ಶ್ರಮದ ವ್ಯೋಮಸ್ಥಿತಿ’ ಎನ್ನಬಹುದಿತ್ತು. ಆ ಭಾಷೆಗೆ ಈಗ ಮನಸ್ಸು ಒಪ್ಪುತ್ತಿಲ್ಲ. ಇಡೀ ಭೂಮಿಯನ್ನು ಕೆಳಗೆ ಹಾಸಿಕೊಂಡು ಹಾರುವ ಕೆಲಸ ಅದು. ಆ ಭೂಮಿಯ ಮೇಲೆ ಎಲ್ಲಿ ಇಳಿದರೂ ಇಷ್ಟು ದಿನ ಎಂದು ಮುದ್ರೆ ಒತ್ತಿಸಿಕೊಳ್ಳುವ ಬಾಳೂ ಅದೇ. ಕಲಿತ ಊರಿನಲ್ಲಾದರೂ ನೆಲೆಯಿದೆಯೆ? ಮಂಡಕಳ್ಳಿಯ ರನ್‌ವೇ 1740 ಮೀಟರ್ ಉದ್ದದ್ದು, ದೊಡ್ಡ ಜೆಟ್‌ಗಳಿಗೆ ಸಾಲದು. 2750ಕ್ಕೆ ಹಿಗ್ಗಿಸುವ ಮಾತು ವರ್ಷಗಳಿಂದ ನಡೆದಿದೆ. ಮೈಸೂರಿನಲ್ಲಿ ಹಾರಲು ಕಲಿಯಬಹುದು, ಹಾರಿ ಹೊಟ್ಟೆ ಹೊರೆಯಲು ಹೊರಗೇ ಹೋಗಬೇಕು.

ಆದ್ದರಿಂದ ಹೋಟೆಲ್ ಸಭಾಂಗಣಗಳಲ್ಲಿ ಪರದೆಯ ಮೇಲೆ ವಿಮಾನ ಹಾರಿಸಿ ‘ಜಗತ್ತೇ ನಿಮ್ಮ ರನ್‌ವೇ’ ಎನ್ನುವ ಸಲಹೆಗಾರರ ಮುಂದೆ ಕೂರುವ ತಂದೆತಾಯಿಗಳಲ್ಲಿ ಒಂದು ವಿನಂತಿ. ಸಾಲದ ಅರ್ಜಿಗೆ ಸಹಿ ಹಾಕುವ ಮುಂಚೆ ಮೂರು ಪ್ರಶ್ನೆ ಕೇಳಿ: ನನ್ನ ಮಗಳಿಗೆ ಸಿಗುವ ಲೈಸೆನ್ಸ್ ಯಾವ ದೇಶದ್ದು? 200 ಗಂಟೆಯಾದ ಮೇಲೆ ಮುಂದಿನ ಸಾವಿರ ಗಂಟೆ ಯಾರ ವಿಮಾನದಲ್ಲಿ, ಯಾರ ಖರ್ಚಿನಲ್ಲಿ? ಆ ದೇಶದಲ್ಲಿ ಇದ್ದು ದುಡಿಯುವ ಹಕ್ಕನ್ನು ಅವಳಿಗೆ ಯಾರು ಕೊಡುತ್ತಾರೆ? ಉತ್ತರವನ್ನು ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಅವರ ಕಾಫಿ ಕುಡಿದು ಎದ್ದು ಬನ್ನಿ.